ಕಾರಿಡಾರಿನ ಬೆಂಚಿನ ಮೇಲೆ ಅನುಮತಿಯಿಲ್ಲದೆ ಸುಧಾರಿಸುವುದರ ಬಗ್ಗೆ

ಮಾದಕ ವ್ಯಸನ ಮುಂಜಾಗ್ರತಾ ವಿಭಾಗ
(ಎರಡನೇ ಮಹಡಿ. ಲಿಫ್ಟ್ ಮೂರನೆಯದರಲ್ಲಿ ಮಾತ್ರ ನಿಲ್ಲುತ್ತದೆ.)

ಸಂಖ್ಯೆ: ಮಾವ್ಯಮು/ಬೆಂಚು/೧೭

ವಿಷಯ: ವ್ಯಸನದ ಅಪಾಯದಲ್ಲಿರುವ ಯುವಜನರು ಆಪ್ತಸಮಾಲೋಚಕರ ಕೊಠಡಿ ತಲುಪುವ ಮೊದಲೇ ಹೊರಗಿನ ಬೆಂಚಿನ ಮೇಲೆ ಸುಧಾರಿಸುತ್ತಿರುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: ೧) ಹಿಂದಿನ ಸುತ್ತೋಲೆ (ಇಲಿ ತಿಂದಿರುವುದರಿಂದ ಸಹಿ ಮಾತ್ರ ಉಳಿದಿದೆ). ೨) ಮೂರನೇ ಮೇಜಿನ ಗುಮಾಸ್ತರ ದೂರು.

ಮಾದಕ ವಸ್ತುಗಳ ಕಡೆ ವಾಲುತ್ತಿರುವ ಯುವಜನರನ್ನು ಮೊದಲ ಹಂತದಲ್ಲೇ ಗುರುತಿಸಿ ಕೈಹಿಡಿಯುವುದು ಈ ವಿಭಾಗದ ಕರ್ತವ್ಯವಾಗಿರುತ್ತದೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಬಾಗಿಲ ಮೇಲೆ ಬರೆಸಲಾಗಿದೆ. ಆದಾಗ್ಯೂ, ಬಗ್ಗಿಸಲು ತಂದಿರುವುದು ಗಿಡವೇ ಎಂಬುದಕ್ಕೆ ಅದು ಮರವಾದ ಮೇಲಷ್ಟೇ ಪುರಾವೆ ಸಿಗುವುದರಿಂದ ಕಡತಗಳು ತುಸು ನಿಧಾನವಾಗುತ್ತಿವೆ.

ಹೀಗಿರುವಾಗ ದರ್ಜಿಯೊಬ್ಬರ ಮಗಳು, ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿ (ಇನ್ನು ಮುಂದೆ 'ಸದರಿ ಯುವತಿ'), ಒಂದು ಮಂಗಳವಾರ ಮಧ್ಯಾಹ್ನ ಯಾರೂ ಎಳೆದು ತಾರದೆ ತಾನಾಗಿಯೇ ಕಚೇರಿಗೆ ಬಂದು ನಿಯಮಗಳನ್ನು ಇಕ್ಕಟ್ಟಿಗೆ ಸಿಲುಕಿಸಿರುತ್ತಾಳೆ. ನಿದ್ದೆಗೆಟ್ಟು ಓದಲೆಂದು ಗೆಳತಿ ಕೊಟ್ಟ ಹತ್ತು ಮಾತ್ರೆಗಳು ಆಕೆಯ ಕೈಯಲ್ಲಿದ್ದವು. ಹತ್ತೂ ಹಾಗೆಯೇ ಇದ್ದವು. ಮೂರನೇ ಮೇಜಿನಲ್ಲಿ ನಡೆದದ್ದನ್ನು ವಿಚಾರಣಾ ವರದಿಯಿಂದ ಯಥಾವತ್ತಾಗಿ ಕೆಳಗೆ ನೀಡಲಾಗಿದೆ:

ಗುಮಾಸ್ತರು: "ಒಂದಾದ್ರೂ ನುಂಗಿದ್ದೀಯೇನಮ್ಮಾ?"
ಯುವತಿ: "ಇಲ್ಲ ಸರ್. ನುಂಗ್ಬಿಡ್ತೀನೇನೋ ಅಂತ ಭಯ ಆಗ್ತಿದೆ. ಅದಕ್ಕೇ ಬಂದೆ."
ಗುಮಾಸ್ತರು: "ಭಯಕ್ಕೆಲ್ಲ ಫಾರಂ ಇಲ್ಲ ಕಣಮ್ಮ. ನುಂಗಿದ್ರೆ ನೀಲಿ ಫಾರಂ. ನುಂಗದೇ ಇದ್ರೆ ನೀನು ಗಟ್ಟಿಮುಟ್ಟಾಗಿದ್ದೀಯ, ಮನೆಗೆ ಹೋಗು."
ಯುವತಿ: "ಹಾಗಾದ್ರೆ ನುಂಗಿ ಬರ್ಲಾ?"
ಗುಮಾಸ್ತರು: "ನಾಲ್ಕೂವರೆ ಒಳಗೆ ಬಾ. ಆಮೇಲೆ ಬೀಗ ಹಾಕ್ತೀವಿ."

ಇಷ್ಟು ಸ್ಪಷ್ಟ ಮಾರ್ಗದರ್ಶನ ದೊರೆತ ನಂತರವೂ ಸದರಿ ಯುವತಿ ಮಾತ್ರೆ ನುಂಗದೆ ಬೆಂಚಿನ ಮೇಲೆ ಕುಳಿತು ಅತ್ತಿರುತ್ತಾಳೆ. ಕಾರಿಡಾರ್ ಗುಡಿಸುತ್ತಿದ್ದ ಸಿಬ್ಬಂದಿ (ಎಲ್ಲರ ಬಾಯಲ್ಲಿ 'ಪೊರಕೆ ಅಕ್ಕ') ಮೊದಲು "ಕಾಲೆತ್ತು ಮಗಳೇ, ಕಸ ಇದೆ" ಎಂದೂ, ನಂತರ ಯಾವುದೇ ಲಿಖಿತ ಆದೇಶವಿಲ್ಲದೆ ಪೊರಕೆಯನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕುಳಿತು "ಊಟ ಮಾಡಿದ್ಯಾ?" ಎಂದೂ ಕೇಳಿರುತ್ತಾರೆ. ಈ ಪ್ರಶ್ನೆ ವಿಭಾಗದ ಎಪ್ಪತ್ತೆರಡು ಪ್ರಶ್ನೆಗಳ ಪಟ್ಟಿಯಲ್ಲಿ ಇರುವುದಿಲ್ಲ. ಯುವತಿ ಒಂದೂವರೆ ಗಂಟೆ ಮಾತನಾಡಿ, ಮಾತ್ರೆಗಳನ್ನು ಅಕ್ಕನ ಕೈಗಿತ್ತು ಹೋಗಿರುತ್ತಾಳೆ. ಮುಂದಿನ ಮಂಗಳವಾರವೂ ಬಂದಿರುತ್ತಾಳೆ; ವಿಭಾಗಕ್ಕಲ್ಲ, ಬೆಂಚಿಗೆ. "ಆ ಗೆಳತಿ ವಾರಾ ವಾರಾ ಹೊಸಾ ಮಾತ್ರೆ ತಂದ್ಕೊಡ್ತಾಳೆ ಅಕ್ಕಾ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಒಂದು ಮಂಗಳವಾರ ತಪ್ಪಿದ್ರೂ ನಾನು ನುಂಗ್ಬಿಡ್ತೀನಿ" ಎಂದು ಆಕೆ ಹೇಳಿದ್ದನ್ನು ಗುಮಾಸ್ತರು ಕಿಟಕಿಯಿಂದ ಕೇಳಿಸಿಕೊಂಡಿರುತ್ತಾರೆ.

ಪ್ರಯುಕ್ತ ಈ ಮೂಲಕ ಸೂಚಿಸಲಾಗಿದೆ:

೧. ಬೆಂಚು ಇರುವುದು ಕಾಯುವುದಕ್ಕೆ. ಅದರಿಂದ ಬೇರೆ ಯಾವುದೇ ಪ್ರಯೋಜನ ಪಡೆಯತಕ್ಕದ್ದಲ್ಲ.

೨. ಅಳುವವರು ಟೋಕನ್ ಪಡೆದು, ತಮ್ಮ ಸಂಖ್ಯೆ ಕೂಗುವವರೆಗೆ ಕಣ್ಣೀರು ತಡೆಹಿಡಿಯತಕ್ಕದ್ದು. ಊಟದ ವಿರಾಮದಲ್ಲಿ ಅತ್ತದ್ದನ್ನು ಪರಿಗಣಿಸಲಾಗುವುದಿಲ್ಲ.

೩. "ಊಟ ಮಾಡಿದ್ಯಾ" ಎಂಬ ಪ್ರಶ್ನೆಯನ್ನು ಮೂರು ದಿನದ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತ್ರ ಕೇಳತಕ್ಕದ್ದು. ಸದರಿ ಹುದ್ದೆ ನಾಲ್ಕು ವರ್ಷದಿಂದ ಖಾಲಿ ಇರುವುದರಿಂದ, ಭರ್ತಿಯಾಗುವವರೆಗೆ ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ವಿಭಾಗಕ್ಕೆ ತಿಳಿಯತಕ್ಕದ್ದಲ್ಲ.

೪. ಸದರಿ ಯುವತಿಯ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಮೊದಲ ಭೇಟಿಗೆ ಹದಿನಾಲ್ಕು ತಿಂಗಳ ನಂತರದ ದಿನಾಂಕ ನಿಗದಿಪಡಿಸಲಾಗಿದೆ. ಅಲ್ಲಿಯವರೆಗೆ ಆಕೆ ಯಥಾಸ್ಥಿತಿ ಕಾಪಾಡಿಕೊಂಡು ಅಪಾಯದ ಅಂಚಿನಲ್ಲೇ ನಿಂತಿರತಕ್ಕದ್ದು. ಒಂದು ಹೆಜ್ಜೆ ಮುಂದೆ ಹೋದರೆ ಬೇರೆ ವಿಭಾಗಕ್ಕೆ ಸೇರುತ್ತಾಳೆ. ಒಂದು ಹೆಜ್ಜೆ ಹಿಂದೆ ಬಂದರೆ ಕಡತ ಮುಚ್ಚಬೇಕಾಗುತ್ತದೆ. ಕಡತ ಕಟ್ಟುವ ದಾರ ದಾಸ್ತಾನಿನಲ್ಲಿಲ್ಲ.

೫. ಈಗಾಗಲೇ ಬೆಂಚಿನ ಮೇಲೆ ಸುಧಾರಿಸಿರುವವರು ತಮ್ಮ ಸುಧಾರಣೆಯನ್ನು ಹದಿನೈದು ದಿನದೊಳಗೆ ಹಿಂದಿರುಗಿಸಿ, ಕ್ರಮಬದ್ಧವಾಗಿ ಹೊಸ ಅರ್ಜಿ ಸಲ್ಲಿಸತಕ್ಕದ್ದು.

೬. ಪೊರಕೆ ಅಕ್ಕನಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದ್ದು, "ಮಂಡಿ ನೋಯ್ತಿತ್ತು, ಕೂತೆ. ಪಕ್ಕದಲ್ಲಿ ಮಗು ಅಳ್ತಿತ್ತು. ಸುಮ್ನೆ ಕೂರೋಕೆ ನಾನೇನು ಕಲ್ಲಾ ಸ್ವಾಮಿ?" ಎಂಬ ಮೌಖಿಕ ಉತ್ತರ ಬಂದಿರುತ್ತದೆ. ತಾನು ಕಲ್ಲಲ್ಲ ಎಂಬುದಕ್ಕೆ ಆಕೆ ವೈದ್ಯರ ದೃಢೀಕರಣ ಪತ್ರ ಒದಗಿಸತಕ್ಕದ್ದು. ಮಂಡಿನೋವಿನ ವಿಷಯ ಬೇರೆ ವಿಭಾಗಕ್ಕೆ ಸಂಬಂಧಿಸಿದ್ದು.

೭. ಬೆಂಚನ್ನು ತೆಗೆದು ಆಪ್ತಸಮಾಲೋಚಕರ ಖಾಲಿ ಕೊಠಡಿಯಲ್ಲಿಟ್ಟು ಬೀಗ ಹಾಕತಕ್ಕದ್ದು. ಇದರಿಂದ ಆ ಕೊಠಡಿಯೊಳಗೆ ಕೊನೆಗೂ ಯಾರಾದರೊಬ್ಬರು ಇದ್ದಂತಾಗುತ್ತದೆ.

೮. ಸದರಿ ಯುವತಿ ಹಾಗೂ ಪೊರಕೆ ಅಕ್ಕ, ಕಚೇರಿ ಕೆಲಸದ ನಿಮಿತ್ತ ಹೊರತುಪಡಿಸಿ, ಪರಸ್ಪರ ಮಾತನಾಡತಕ್ಕದ್ದಲ್ಲ.

ಮೇಲ್ಕಂಡ ಸೂಚನೆಗಳನ್ನು ಮೀರಿದವರನ್ನು ಗಂಭೀರವಾಗಿ ನೋಡಲಾಗುವುದು.

ಸಹಿ/-
ಪ್ರಭಾರ ಮುಖ್ಯಸ್ಥರು
(ಮುಖ್ಯಸ್ಥರು ರಜೆಯಲ್ಲಿರುವುದರಿಂದ, ರಜೆಯಿಂದ ಬಂದ ಉಪಮುಖ್ಯಸ್ಥರ ಪರವಾಗಿ)

ಪ್ರತಿಗಳು:

೧. ಮೂರನೇ ಮೇಜಿನ ಗುಮಾಸ್ತರಿಗೆ, ಅವಗಾಹನೆಗೆ ಮತ್ತು ಸಮಾಧಾನಕ್ಕೆ.

೨. ಬಡಗಿಗೆ. ಬೆಂಚು ಬಾಗಿಲಲ್ಲಿ ತೂರದಿದ್ದಲ್ಲಿ ಗೋಡೆ ಒಡೆಯಲು ಗಾರೆಯವರಿಗೆ ಪತ್ರ ಬರೆಯುವುದು.

೩. ಯುವತಿಯ ತಂದೆ, ದರ್ಜಿಯವರಿಗೆ. ಮಗಳು ಇನ್ನೂ ಹಾಳಾಗಿಲ್ಲವಾದ್ದರಿಂದ ಸದ್ಯಕ್ಕೆ ನೆರವು ನೀಡಲಾಗುತ್ತಿಲ್ಲವೆಂದು ವಿಷಾದದೊಂದಿಗೆ ತಿಳಿಸಲು.

೪. ಪೊರಕೆ ಅಕ್ಕನಿಗೆ. ಆಕೆಗೆ ಓದು ಬಾರದ ಕಾರಣ, ಓದಿ ಹೇಳಲು ಬೇರೆ ಯಾರಿಗೂ ಪುರುಸೊತ್ತಿಲ್ಲದ ಕಾರಣ, ಸದರಿ ಯುವತಿಯನ್ನೇ ಈ ಕಚೇರಿ ಕೆಲಸಕ್ಕೆ ನಿಯೋಜಿಸಲಾಗಿದೆ. ಪೂರ್ತಿ ಅರ್ಥವಾಗುವವರೆಗೆ ಪ್ರತಿ ಮಂಗಳವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ಓದಿ ಹೇಳತಕ್ಕದ್ದು. ಕರಡು ಪ್ರತಿಯನ್ನು ಈಗಾಗಲೇ ಒಂಬತ್ತು ಮಂಗಳವಾರ ಓದಲಾಗಿದೆ. ಈ ನಡುವೆ ಯುವತಿಯ ಪರೀಕ್ಷೆಗಳು ಮುಗಿದಿವೆ. "ಇನ್ನೂ ಮೊದಲ್ನೇ ಸಾಲೇ ತಲೆಗೆ ಹತ್ತಿಲ್ಲ ಸ್ವಾಮಿ, ಹುಡುಗಿ ಬರ್ತಾ ಇರ್ಲಿ" ಎಂದು ಪೊರಕೆ ಅಕ್ಕ ವರದಿ ಮಾಡಿರುತ್ತಾರೆ.