ಸಂತೆಯಲ್ಲಿ ಕಿಮ್ಚಿ ತಿಂದ ಧರ್ಮೇಶ

ಕೊರಿಯಾ ದೇಶ ಎಲ್ಲಿದೆ ಎಂದು ಧರ್ಮೇಶನಿಗೆ ಗೊತ್ತಿರಲಿಲ್ಲ. ಆದರೂ ಆ ದೇಶದ ಅಡುಗೆ ತಿಂದೇ ಅವನು ಮದುವೆಯಾಗಬೇಕಾಗಿತ್ತು.

ಮೂವತ್ತೆಂಟು ವರ್ಷ, ನಾಲ್ಕೆಕರೆ ಕಾಫಿ ತೋಟ, ಮುರಿದುಬಿದ್ದ ಹದಿನೇಳು ಸಂಬಂಧ. ಹದಿನೆಂಟನೆಯವಳು ರಂಜಿತಾ, ಕಳಸದಲ್ಲಿ ನರ್ಸು. "ಮನೇಲಿ ನೋಡೋದೆಲ್ಲ ಬೇಡ. ಮೂಡಿಗೆರೆ ಸಂತೇಲಿ ಕೊರಿಯನ್ ತಿಂಡಿ ಅಂಗಡಿ ಇದೆಯಲ್ಲ, ಅಲ್ಲಿಗೆ ಬನ್ನಿ" ಎಂದು ಫೋನಿನಲ್ಲಿ ಹೇಳಿದ್ದಳು.

ಸಂಬಂಧ ಹುಡುಕಿದ ಪಕ್ಕದ ಮನೆಯ ಅಂಜನಮ್ಮ ಬೆಳಿಗ್ಗೆಯೇ ಬಂದು ಅವನ ಕಾಲರು ಸರಿಮಾಡಿದರು.

"ಎಂಥ ಕೊಟ್ರೂ ಚೆನ್ನಾಗಿದೆ ಅನ್ನು ಮಾರಾಯ. ವಸ್ತಾರೆ ಹುಡುಗಿ ಮನೇಲಿ ಪಾಯಸ ಸೀದಿದೆ ಅಂತ ಹೇಳಿ ಸಂಬಂಧ ಕೆಡಿಸ್ಕಂಡಿದ್ದು ನೆನಪಿದೆ ತಾನೆ?"

"ಖಾರ ಇದ್ರೆ ಅಂಜನಕ್ಕಾ? ನಂಗೆ ಹೊಟ್ಟೆ ಉರಿ."

"ಮೊದ್ಲು ಮದುವೆ. ಹೊಟ್ಟೆ ಆಮೇಲೆ."

ಕೊರಿಯಾದಲ್ಲಿ ಮೂರು ವರ್ಷ ದುಡಿದು ಬಂದ ಅಶ್ವಿನ್, ಬಾಳೆಕಾಯಿ ರಾಶಿಗೂ ಒಣಮೀನಿನ ಸಾಲಿಗೂ ನಡುವೆ ಟಾರ್ಪಾಲು ಕಟ್ಟಿ ಅಂಗಡಿ ಇಟ್ಟಿದ್ದ. ರಂಜಿತಾ ಆಗಲೇ ಬಂದು ಕೂತಿದ್ದಳು. ಮೊದಲು ಬಂದದ್ದು ಕಿಮ್ಚಿ: ಖಾರ ಮೆತ್ತಿ ದಿನಗಟ್ಟಲೆ ಹುಳಿಬರಿಸಿದ ಕೋಸು. ಒಂದು ತುತ್ತಿಗೇ ಧರ್ಮೇಶನ ಕಿವಿಗಳು ಕಾಫಿ ಹಣ್ಣಿನ ಹಾಗೆ ಕೆಂಪಾದವು.

"ಹೇಗಿದೆ?" ರಂಜಿತಾ ಕೇಳಿದಳು.

"ತುಂಬಾ ಚೆನ್ನಾಗಿದೆ."

ಆಮೇಲೆ ಕೆಂಪು ಗೊಜ್ಜಿನಲ್ಲಿ ಮುಳುಗಿದ ಅಕ್ಕಿ ಕಡುಬಿನ ತುಂಡುಗಳು ಬಂದವು. ತಿನ್ನಲು ಎರಡು ಕಡ್ಡಿ. ಒಂದು ತುಂಡು ಒದ್ದೆ ಸೋಪಿನಂತೆ ಜಾರಿ ಪಕ್ಕದ ಮೀನಿನವಳ ತಕ್ಕಡಿಗೆ ಬಿತ್ತು. ಆಕೆ ಅದನ್ನೂ ಸೇರಿಸಿ ತೂಗಿದಳು.

ಧರ್ಮೇಶನ ಮೇಲೆ ಕಣ್ಣಿಡಲು ಬಂದು ಬಾಳೆಕಾಯಿ ರಾಶಿಯ ಹಿಂದೆ ಅಡಗಿ ಕೂತಿದ್ದ ಅಂಜನಮ್ಮನಿಗೆ ತಡೆಯಲಾಗಲಿಲ್ಲ. "ನಮ್ಮ ಧರ್ಮಂಗೆ ಇದು ಅಂದ್ರೆ ಪ್ರಾಣ! ಇನ್ನೊಂದು ಪ್ಲೇಟ್ ಹಾಕಪ್ಪ!" ಎಂದು ಕೂಗಿದರು. ಈ ಸಂತೆಯಲ್ಲಿ ಎರಡನೇ ಪ್ಲೇಟ್ ಕೇಳಿದವರನ್ನು ಅಶ್ವಿನ್ ಕಂಡೇ ಇರಲಿಲ್ಲ. ಸಂಭ್ರಮದಿಂದ ಇನ್ನೊಂದು ಸೌಟು ಗೊಜ್ಜು ಸುರಿದ.

ಧರ್ಮೇಶನ ಕಣ್ಣಲ್ಲಿ ಧಾರಾಕಾರ ನೀರು.

"ಅಳ್ತಿದ್ದೀರಾ?" ಎಂದಳು.

"ಖುಷಿಗೆ."

ರಂಜಿತಾ ಮುಟ್ಟದೇ ಇದ್ದ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಂಗೂ ಇದು ಸೇರಲ್ಲ. ನೋಡೋಕೆ ಬಂದವರೆಲ್ಲ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ಬೇಡ ಅನ್ನಿಸಿದ್ರೆ ಬೇಡ ಅನ್ನೋರು ಒಬ್ರಾದ್ರೂ ಸಿಗ್ತಾರಾ ಅಂತ ಇಲ್ಲಿಗೆ ಕರೆದೆ" ಎಂದು ಬ್ಯಾಗು ಹೆಗಲಿಗೇರಿಸಿದಳು.

ಧರ್ಮೇಶ ತಟಕ್ಕನೆ ಎದ್ದು ನಿಂತ. "ರಂಜಿತಾ ಅವ್ರೇ, ದೇವರಾಣೆ, ಇಂಥ ತಿಂಡಿ ನಾನು ಜನ್ಮದಲ್ಲಿ ತಿಂದಿಲ್ಲ! ಹೊಟ್ಟೇಲಿ ಬೆಂಕಿ ಬಿದ್ದಿದೆ! ಬೇಡ! ಬೇಡವೇ ಬೇಡ!"

ರಂಜಿತಾ ಮೊದಲ ಸಲ ನಕ್ಕಳು. ಬ್ಯಾಗು ಕೆಳಗಿಟ್ಟು ಮತ್ತೆ ಕೂತಳು. ಧರ್ಮೇಶನಿಗೆ ಎದೆ ಹಗುರಾಯಿತು.

ಆಗ ಅಶ್ವಿನ್ ಸೌಟು ಹಿಡಿದೇ ಹತ್ತಿರ ಬಂದ. ಮುಖ ಬಾಡಿತ್ತು. "ನಿಜವಾಗ್ಲೂ ಅಷ್ಟು ಕೆಟ್ಟದಾಗಿದೆಯಾ ಅಣ್ಣಾ? ನೀವೊಬ್ರೇ ಇಷ್ಟಪಟ್ಟು ತಿಂದೋರು ಅನ್ಕೊಂಡಿದ್ದೆ."

ಧರ್ಮೇಶ ಆ ಮುಖ ನೋಡಿದ.

"ಇಲ್ಲ ಮಾರಾಯ," ಎಂದ, "ಚೆನ್ನಾಗೇ ಇದೆ."

ರಂಜಿತಾ ಎದ್ದಳು. ಹಿಂತಿರುಗಿ ನೋಡದೆ ಕಳಸದ ಬಸ್ಸಿನ ಕಡೆಗೆ ನಡೆದಳು.

ಅಶ್ವಿನನ ಮುಖ ಅರಳಿತು. ಧರ್ಮೇಶನ ಭುಜ ಒತ್ತಿ ಕೂರಿಸಿ, ಮೂರನೇ ಪ್ಲೇಟ್ ತುಂಬತೊಡಗಿದ.