ನಮ್ಮ ಅಂಗಳದಾಗ ಇಳಿದ ಗೇರ್‌ಬಾಕ್ಸು

ನಮ್ಮ ಅಂಬಿಕಾನಗರದ ಕಾಲನ್ಯಾಗ ಒಂದು ಮಿಕ್ಸರ್ ಕೆಟ್ರೂ ಸುದ್ದಿ ಆಗತೈತಿ. ಕೆಟ್ಟಿದ್ದಕ್ಕಲ್ಲ, ಅದನ್ನ ಬಿಚ್ಚಾಕ ಎಷ್ಟು ಮಂದಿ ಬಂದ್ರು ಅನ್ನೋದಕ್ಕ. ಇಲ್ಲಿ ಗಂಡಸರೆಲ್ಲ ಪವರ್ ಹೌಸಿನ್ಯಾಗ ದುಡಿಯವ್ರು, ಇಲ್ಲಾ ದುಡಿದು ರಿಟೈರ್ ಆದವ್ರು. ಮನಿಯಷ್ಟು ದೊಡ್ಡ ಟರ್ಬೈನ್ ಬಿಚ್ಚಿ ಜೋಡಿಸಿದವ್ರಿಗೆ ಮನಿ ಸಾಮಾನು ಯಾವ ಲೆಕ್ಕ? ಹಿಂಗಾಗಿ ಇಂಥಾ ಪ್ರಸಂಗಕ್ಕ ನಮ್ಮಲ್ಲಿ ಬರ ಇಲ್ಲ. ಈಗ ಹೇಳೋದು ನಮ್ಮ ಮನೀದ.

ನಾನು ಗಣೇಶಗುಡಿಯ ಒಂದು ಹೋಂಸ್ಟೇಕ್ಕ ಊಟ ಮಾಡಿ ಕೊಡ್ತೇನಿ. ಹೊಳ್ಯಾಗ ರಾಫ್ಟಿಂಗ್ ಮಾಡಿ, ನೀರು ಕುಡದು, ಹಸದು ಬರೋ ಮಂದಿಗೆ ರೊಟ್ಟಿ, ಎಣ್ಣಿಗಾಯಿ, ಹೋಳಿಗಿ. ಅದನ್ನ ಹೊತಗೊಂಡು ಹೋಗೋದು ನಮ್ಮ ಹಳೇ ಕಾರು. ಹಿಂದಿನ ಸೀಟು ತಗದು ಬೋಗಾಣಿ ಇಡಾಕ ಜಾಗ ಮಾಡೇವಿ. ಆ ಕಾರಿಂದು ಒಂದು ದಿನ ಎರಡನೇ ಗೇರ್ ಬೀಳವಲ್ದಾತು. ಅದ ದಿನ ಹೋಂಸ್ಟೇ ನಡಸೋ ಅಕ್ಕ ಫೋನ್ ಮಾಡಿದ್ಲು: "ಈ ರವಿವಾರ ದೊಡ್ಡ ಪಾರ್ಟಿ ಐತಿ ಬಾಯಿ. ನೀ ತಪ್ಪಿಸಿದ್ರ ದಾಂಡೇಲಿಯವ್ರಿಗೆ ಕಾಯಂ ಕೊಟ್ಟಬಿಡ್ತೇನಿ, ಆಮ್ಯಾಲೆ ಅಳಬ್ಯಾಡ." ಎಷ್ಟೋ ಮಂದಿಗೆ ಕೈ ಮುಗದು ಹಿಡದ ಕೆಲಸ ಅದು.

ಕಬ್ಬಿನ ಹಂಗಾಮು

ಒಂದರಿಂದ ಮೂರಕ್ಕ ಗೇರ್ ಜಿಗಿಸಿಕೋತ ಹಳಿಯಾಳದ ಗ್ಯಾರೇಜಿಗೆ ಹೋದ್ವಿ. ಮಿಸ್ತ್ರಿ ಕಿವಿ ಹಚ್ಚಿ ಕೇಳಿ, "ಗೇರ್‌ಬಾಕ್ಸ್ ಹೋಗೇತ್ರಿ, ಬದಲಿ ಮಾಡಬೇಕು" ಅಂದ. ಆಮ್ಯಾಲೆ ಹೊರಗ ಕೈ ತೋರಿಸಿದ. ಕಬ್ಬಿನ ಟ್ರ್ಯಾಕ್ಟರ್ ಸಾಲು ಹಚ್ಚಿ ನಿಂತಿದ್ವು, ಒಂದರ ಹೊಟ್ಟಿ ಬಿಚ್ಚಿತ್ತು, ಒಂದರ ಗಾಲಿ ಇರಲಿಲ್ಲ.

"ಹಂಗಾಮು ಮುಗಿದ ಮ್ಯಾಲೆ ಬರ್ರಿ."

"ಹಂಗಾಮು ಯಾವಾಗ ಮುಗೀತೈತಿ?" ಅಂದೆ.

"ಕಬ್ಬು ಮುಗಿದ ಮ್ಯಾಲೆ."

ಮನಿಗೆ ಬಂದ ಕೂಡಲೆ ನಮ್ಮನಿಯವ್ರು ಮೊಬೈಲ್ ಹಿಡಕೊಂಡು ಕುಂತ್ರು. ವಿಡಿಯೋದಾಗ ಒಬ್ಬ ಬಿಳಿ ಅಂಗಿ ಹಾಕ್ಕೊಂಡು, ಅಂಗಿಗೆ ಒಂದು ಕಲಿ ಹತ್ತಿಸಿಕೊಳ್ಳದ, ಚಾ ಕುಡಿಯೋದ್ರಾಗ ಗೇರ್‌ಬಾಕ್ಸ್ ಇಳಿಸಿ ಏರಿಸಿಬಿಟ್ಟ. ನಮ್ಮವ್ರ ಮುಖ ಅರಳಿತು. "ನೋಡು, ಮನ್ಯಾಗ ಮಾಡೂಣು. ಇದರಾಗ ಎಲ್ಲಾ ತೋರಿಸ್ಯಾರ."

"ಎಲ್ಲಾ ತೋರಿಸಿಲ್ರೀ. ಎಣ್ಣಿ ಚೆಲ್ಲಿದ್ದು ಯಾರು ಒರಿಸಿದ್ರು ಅನ್ನೋದು ತೋರಿಸಿಲ್ಲ."

ಅಪಘಾತ ಆಗದ ದಿನ

ಮರುದಿನ ಮುಂಜಾನೆ ನಮ್ಮವ್ರು ಕಾರಿಗೆ ಜಾಕ್ ಹಚ್ಚಿ ಎತ್ತಿ, ಬುಡಕ ಇಟ್ಟಂಗಿ ಪೇರಿಸಿ, ಅಂಗಾತ ಮಲಗಿ ಒಳಗ ಸರಿಯಾಕ ಹತ್ತಿದ್ರು. ನಾನು ಓಡಿಹೋಗಿ ಕಾಲು ಹಿಡದು ಜಗ್ಗಿದೆ. "ರೀ, ತಲಿ ಎಲ್ಲಿ ಇಟ್ಟೀರಿ? ಆ ಇಟ್ಟಂಗಿ ಸರದ್ರ ನಾ ಯಾರಿಗೆ ಹೇಳ್ಲಿ?" ನನ್ನ ಒದರಾಟಕ್ಕ ಬಾಜೂ ಮನಿ ಫೋರ್ಮನ್ ಕಾಕಾ ಹೊರಗ ಬಂದ್ರು.

ಕಾಕಾನ ಬಗ್ಗೆ ಹೇಳಬೇಕು. ಪವರ್ ಹೌಸಿನ್ಯಾಗ ಫೋರ್ಮನ್ ಆಗಿ ರಿಟೈರ್ ಆಗ್ಯಾರ, ಈಗ ಮಗನ ಕ್ವಾರ್ಟರ್ಸಿನ್ಯಾಗ ಇರ್ತಾರ. ಕಾಲನಿಯ ಅರ್ಧ ಗಂಡಸರಿಗೆ ಕೆಲಸ ಕಲಿಸಿದವ್ರು ಅವ್ರ. ಟರ್ಬೈನಿನ ಸಪ್ಪಳದಾಗ ಕಿವಿ ಹೋಗ್ಯಾವ, ಕಿವಿಗೆ ಮಷೀನ್ ಹಾಕ್ಕೊಂಡ್ರ ಅಷ್ಟಿಷ್ಟು ಕೇಳತೈತಿ. ಬಂದವ್ರ ಇಟ್ಟಂಗಿ ನೋಡಿ ಕೆಂಡ ಆದ್ರು.

"ಲೇ, ಜಾಕ್ ಇರೋದು ಎತ್ತಾಕ. ಸ್ಟ್ಯಾಂಡ್ ಇರೋದು ಹೊರಾಕ. ಇಟ್ಟಂಗಿ ಇರೋದು ಗ್ವಾಡಿ ಕಟ್ಟಾಕ! ಬಂದ್ ಮಾಡು ಕೆಲಸ!"

ನನಗ ಖರೇನ ಸಮಾಧಾನ ಆತು. ಆದ್ರ ಕಾಕಾ ಅಲ್ಲಿಗ ನಿಲ್ಲಲಿಲ್ಲ. ಕಬ್ಬಿಣದ ಸ್ಟ್ಯಾಂಡ್ ತರಿಸಿದ್ರು, ಕೂಡ್ರಿಸಿದ್ರು, ಮನಸ್ಸಿಗೆ ಬರಲಿಲ್ಲ ಅಂತ ತಗಿಸಿ ಮತ್ತ ಕೂಡ್ರಿಸಿದ್ರು. ಗಾಲಿಗೆ ಕಲ್ಲು ಕೊಟ್ರು. ಬ್ಯಾಟರಿ ಬಿಚ್ಚಿಸಿದ್ರು. ಸುತ್ತಲೂ ಹಗ್ಗ ಕಟ್ಟಿ ಕೆಂಪು ಅರಿವಿ ತೂಗಬಿಟ್ರು. ತಾವು ಹೇಳದ ಯಾರೂ ಗಾಡಿ ಬುಡಕ ಬಗ್ಗಿ ಸುದ್ದಾ ನೋಡಬಾರದು ಅಂತ ತಾಕೀತು ಮಾಡಿದ್ರು. ಹಗ್ಗದೊಳಗ ಇದ್ದವ್ರಿಗೆಲ್ಲ ಹೆಲ್ಮೆಟ್. ನಮ್ಮ ಅತ್ತಿಯವ್ರು ತುಳಸಿಕಟ್ಟಿ ಬಿಟ್ಟು ಏಳಾಕ ಒಲ್ಲೆ ಅಂದ್ರು, ಕಟ್ಟಿ ಹಗ್ಗದೊಳಗ ಬಂದಿತ್ತು, ಅವ್ರಿಗೂ ಹೆಲ್ಮೆಟ್ ಬಂತು. ಎಲಿ ಅಡಿಕಿ ಹಾಕ್ಕೋತ ಹೆಲ್ಮೆಟ್ಟಿನ್ಯಾಗ ಕುಂತ್ರು. ಹೊತ್ತು ಮುಣಗೂತನಾ ಹಿಂಗ ನಡೀತು. ಕಾರು ಮ್ಯಾಲೆ ನಿಂತಿತ್ತು, ಒಂದು ಬೋಲ್ಟ್ ಸುದ್ದಾ ಸಡಲಾಗಿರಲಿಲ್ಲ.

ಕಾಕಾ ಕೈ ತೊಳಕೊಂಡು, "ನೋಡು ತಂಗಿ, ಇವತ್ತು ಒಂದೂ ಅಪಘಾತ ಆಗಲಿಲ್ಲ" ಅಂದ್ರು.

"ಕೆಲಸಾನೂ ಆಗಲಿಲ್ಲಲ್ರಿ ಕಾಕಾ."

"ಅದಕ್ಕ ಆಗಲಿಲ್ಲ."

ಹುಣಸಿಹಣ್ಣು

ಮರುದಿನ ಅಂತೂ ಕೈ ಹಚ್ಚಿದ್ರು. ಗೇರ್ ಎಣ್ಣಿ ಇಳಿಸಾಕ ಡಬ್ಬಿ ಬೇಕಂತ ನನ್ನ ಹೋಳಿಗಿ ಪರಾತ ಒಯ್ದಿದ್ರು. ಅದನ್ನ ನೋಡಿ ನಾ ಏನಂದೆ ಅಂತ ಇಲ್ಲಿ ಬರಿಯಾಕ ಬರೂದಿಲ್ಲ.

ಗೇರ್‌ಬಾಕ್ಸ್ ಹಿಡದ ಬೋಲ್ಟು ಎಲ್ಲಾ ಒಂದ ಉದ್ದ ಇರೂದಿಲ್ಲಂತ. ಯಾವುದು ಎಲ್ಲಿಂದು ಅಂತ ಗೊತ್ತಾಗಲಿ ಅಂತ ನಮ್ಮವ್ರು ನನ್ನ ಮಸಾಲಿ ಡಬ್ಬಿ ಇಸಕೊಂಡ್ರು. ಸಾಸಿವಿ ಬಟ್ಟಲದಾಗ ಮ್ಯಾಲಿನ ಬೋಲ್ಟು, ಜೀರಗಿ ಬಟ್ಟಲದಾಗ ಕೆಳಗಿನವು, ಅರಿಷಿಣದಾಗ ಎಡಗಡೀವು. ಕಾಕಾ ಸುದ್ದಾ ತಲಿ ತೂಗಿದ್ರು. ಜಾಕಿನ ಮ್ಯಾಲೆ ಹಲಗಿ ಇಟ್ಟು ಗೇರ್‌ಬಾಕ್ಸ್ ಮೆಲ್ಲಕ ಇಳಿಸಿ, ಕೌದಿ ಮ್ಯಾಲೆ ಮಲಗಿಸಿದ್ರು. ಕಾಲನಿ ಹೆಣ್ಮಕ್ಕಳು ಬಾಣಂತಿ ನೋಡಾಕ ಬಂದಂಗ ಬಂದು ನೋಡಿ ಹೋದ್ರು. ಒಬ್ಬಾಕಿ ಅಂತೂ, "ನಮ್ಮ ಮೈದುನನ ಗಾಡೀದು ಇದಕ್ಕಿಂತ ದಪ್ಪ ಇತ್ತು" ಅಂದ್ಲು.

ಮಂದಿ ಬರಾಕ ಹತ್ತಿದ್ದು ನೋಡಿ ನಮ್ಮ ಅತ್ತಿಯವ್ರಿಗೆ ಮನಿ ಮರ್ಯಾದಿ ಚಿಂತಿ ಹತ್ತಿತು. ನಾವು ಊಟಕ್ಕ ಒಳಗ ಹೋದಾಗ ಮಸಾಲಿ ಡಬ್ಬಿಯೊಳಗಿನ ಎಲ್ಲಾ ಬೋಲ್ಟು ಒಂದ ಬುಟ್ಟಿಗೆ ಸುರವಿ, ಹುಣಸಿಹಣ್ಣು ಹಚ್ಚಿ ತಿಕ್ಕಿ, ಫಳಫಳ ಹೊಳಿಯೂಹಂಗ ಮಾಡಿ ಬಿಸಲಿಗೆ ಹರವಿದ್ರು. ನಮ್ಮವ್ರು ನೋಡಿ ಕಟ್ಟಿ ಮ್ಯಾಲೆ ಕುಸದ್ರು.

"ಯವ್ವಾ, ಇವು ಯಾವು ಎಲ್ಲಿವು ಅಂತ ಈಗ ಹೆಂಗ ಗೊತ್ತಾಗಬೇಕು?"

ಅತ್ತಿಯವ್ರು ಸಿಟ್ಟಿಗೆದ್ರು. "ಇಷ್ಟು ಹೊಲಸಿದ್ದಾಗ ಗೊತ್ತಿತ್ತು, ಸ್ವಚ್ಛ ಆದಮ್ಯಾಲೆ ಗೊತ್ತಾಗೂದಿಲ್ಲಾ?"

ಮುಂಡಗೋಡದ ಬಸ್ಸು

ಬದಲಿ ಗೇರ್‌ಬಾಕ್ಸ್ ಸಿಕ್ಕಿದ್ದು ನನ್ನ ತವರು ಮುಂಡಗೋಡದಾಗ. ನಮ್ಮಣ್ಣನ ಪರಿಚಯದವ್ರ ಇಂಥಾದ ಕಾರು ಗಿಡಕ್ಕ ಬಡದು ಮುಂದಿನ ಮಾರಿ ಒಡಕೊಂಡಿತ್ತಂತ, ಗೇರ್‌ಬಾಕ್ಸ್ ಮಾತ್ರ ಗಟ್ಟಿ ಇತ್ತಂತ. ನಮ್ಮವ್ರು ಹೋಗಿ ಅದನ್ನ ಗೋಣಿಚೀಲದಾಗ ಸುತ್ತಿ ಬಸ್ಸಿಗೆ ಏರಿಸಿದ್ರು. ಹಗೂರ ಸಾಮಾನಲ್ಲ ಅದು. ಮ್ಯಾಲೆ ಇಡಾಕ ಬರೂದಿಲ್ಲ, ಕಾಲಾಗ ಇಟ್ರ ಮಂದಿ ಎಡವತಾರ. ಕಡೀಕೆ ಡ್ರೈವರ್ ಬಾಜೂ ಕೂಡ್ರಿಸಿದ್ರು.

ಕಂಡಕ್ಟರ್ ಬಂದು, "ಚೀಲದಾಗ ಏನೈತ್ರಿ?" ಅಂದ.

"ಗೇರ್‌ಬಾಕ್ಸ್ ರೀ."

ಡ್ರೈವರ್ ಗಕ್ಕನ ತಿರುಗಿ ನೋಡಿದ. ಅವನ ಕಣ್ಣಾಗ ಆಸೆ ಮೂಡಿತ್ತಂತ. "ಯಾವ ಗಾಡೀದ್ರೀ ಅದು? ಇದಕ್ಕ ಕೂಡತೈತೇನು?" 

ನಮ್ಮವ್ರು ಊರು ಬರೂತನಾ ಚೀಲ ತಬ್ಬಿಕೊಂಡ ಕುಂತಿದ್ರು.

ಉಳಿದ ಬೋಲ್ಟು

ಶನಿವಾರ ಸಂಜಿಕೆ ಗೇರ್‌ಬಾಕ್ಸ್ ಏರಿತು. ಒಬ್ರು ಜಾಕ್ ಎತ್ತತಾರ, ಒಬ್ರು "ಎಡಕ್ಕ, ಎಡಕ್ಕ" ಅಂತಾರ, ನಮ್ಮವ್ರು ಬೆವರು ಸುರಿಸಿಕೋತ ಅದನ್ನ ಎಂಜಿನ್ನಿಗೆ ಕೂಡ್ರಸತಾರ. ಕಟ್ಟಿ ಮ್ಯಾಲಿಂದ ಅತ್ತಿಯವ್ರು ಸುದ್ದಾ "ಬಲಕ್ಕ" ಅಂದ್ರು. ಅವ್ರಿಗೆ ಏನೂ ಕಾಣತಿರಲಿಲ್ಲ, ಆದ್ರ ಅವ್ರು ಅಂದಾಗ ಅದು ಟಕ್ಕಂತ ಕುಂತಿತು. ಈಗ ಆ ಕೆಲಸ ತಾವ ಮಾಡಿದ್ದು ಅಂತ ಹೇಳ್ಕೋತ ತಿರಗತಾರ.

ಎಲ್ಲಾ ಬಿಗಿದು, ಹೊಸ ಎಣ್ಣಿ ಹಾಕಿ ನೋಡಿದ್ರ, ಬುಟ್ಟ್ಯಾಗ ಒಂದು ಬೋಲ್ಟು ಉಳದಿತ್ತು. ಹೊಳೀತಿತ್ತು.

"ಇದು ಎಲ್ಲೀದ್ರೀ?" ಅಂದೆ.

ನಮ್ಮವ್ರು, "ಹೆಚ್ಚಿಂದು ಇರಬೇಕು. ಕಂಪನಿಯವ್ರು ಯಾಕರ ಇರಲಿ ಅಂತ ಒಂದು ಹೆಚ್ಚು ಹಾಕಿರ್ತಾರ" ಅಂದ್ರು. ಕಾಕಾ ಆ ಬೋಲ್ಟ್ ತಗೊಂಡು ಕಿಸೆದಾಗ ಹಾಕ್ಕೊಂಡ್ರು.

ಕತ್ತಲಾಗಿತ್ತು. ಕತ್ತಲದಾಗ ಗಾಡಿ ಇಳಿಸಬಾರದು ಅಂತ ಕಾಕಾನ ಹುಕುಂ. ಜಾಕಿಗೂ ಸ್ಟೇರಿಂಗಿಗೂ ಒಂದ ಸರಪಳಿ ಸುತ್ತಿ ತಮ್ಮ ಕೀಲಿ ಹಾಕಿ, ಕೀಲಿಕೈ ಕಿಸೆದಾಗ ಇಟ್ಕೊಂಡ್ರು. 'ಮನುಷ್ಯರು ಕೆಲಸದಲ್ಲಿದ್ದಾರೆ' ಅನ್ನೋ ಕೆಂಪು ಬೋರ್ಡು ತೂಗಬಿಟ್ರು. ಪವರ್ ಹೌಸಿನ ರೀತಿ ಅದು. ಯಾರು ಕೀಲಿ ಹಾಕಿರ್ತಾರೋ ಅವ್ರ ತಗೀಬೇಕು, ಸಾಹೇಬ ಬಂದ್ರೂ ಬ್ಯಾರೇದವ್ರು ಮುಟ್ಟಂಗಿಲ್ಲ. "ನಾಳೆ ಮುಂಜಾನೆ ಬಂದು ತಗೀತೇನಿ ತಂಗಿ, ನೀ ಹೋಳಿಗಿ ಮಾಡು" ಅಂದು ಹೋದ್ರು.

ಹಾಕಿದವ್ರ ತಗೀಬೇಕು

ರವಿವಾರ ಅಡಗಿ ಆತು. ಬೋಗಾಣಿ ಕಟ್ಟಿ ಬಾಗಲಕ್ಕ ಇಟ್ಟೆ. ಕಾಕಾ ಇಲ್ಲ.

ಅವ್ರ ಸೊಸಿ ಹೇಳಿದ್ಲು: "ಮಾವಾರು ನಸಿಕಿನ್ಯಾಗ ಎದ್ದು ಹೋದ್ರು. ಜೋಯಿಡಾದಾಗ ಬೀಗರ ಮನಿ ಕಾರ್ಯಕ್ರಮ ಐತಿ, ಅಲ್ಲಿಗೆ ಹೋಗಿರಬೇಕು." ಫೋನ್ ಮನ್ಯಾಗ ಬಿಟ್ಟಿದ್ರು. ಬೀಗರಿಗೆ ಹಚ್ಚಿದ್ರ ಜೋಯಿಡಾದ ಅಡವ್ಯಾಗ ರೇಂಜ್ ಎಲ್ಲೈತಿ?

ಸುದ್ದಿ ಹಬ್ಬಿ ಗಂಡಸರೆಲ್ಲ ಬಂದು ಹಗ್ಗದ ಹೊರಗ ನಿಂತ್ರು. ಎಲ್ಲಾರೂ ಕಾಕಾನ ಕೈಯಾಗ ಕಲಿತವ್ರು. ಕಬ್ಬಿಣ ಕೊಯ್ಯೋ ಗರಗಸ ನಮ್ಮವ್ರ ಪೆಟ್ಟಿಗ್ಯಾಗ ಇತ್ತು. ಒಬ್ರೂ ಮುಟ್ಟಲಿಲ್ಲ.

"ಫೋರ್ಮನ್ ಹಾಕಿದ ಕೀಲಿ ಫೋರ್ಮನ್ನ ತಗೀಬೇಕ್ರಿ ವೈನಿ" ಅಂದ ಒಬ್ಬ.

"ಅವ್ರು ರಿಟೈರ್ ಆಗ್ಯಾರೋ ಮಾರಾಯಾ!"

"ಅವ್ರು ಆಗ್ಯಾರ. ನಿಯಮ ಆಗಿಲ್ಲ."

ಗಣೇಶಗುಡಿಯಿಂದ ಫೋನ್ ಬಂತು: "ಹೊಂಟಿಯೇನ ಬಾಯಿ?" ನಾನು "ದಾರ್ಯಾಗ ಅದೇನಿ ಅಕ್ಕಾ" ಅಂದೆ. ಬ್ಯಾರೆ ಗಾಡಿ ಕೇಳಿದ್ವಿ, ಎಲ್ಲಾರ ಹಂತ್ಯಾಕೂ ಬೈಕ್. ಬೋಗಾಣಿ ಬೈಕಿನ ಮ್ಯಾಲೆ ಕೂಡತಾವೇನು? ಹೋಳಿಗಿ ಆರಾಕ ಹತ್ತಿದ್ವು, ನನ್ನ ಸಿಟ್ಟು ಏರಾಕ ಹತ್ತಿತ್ತು. ಗಂಡಸರು ಕೀಲಿ ಕೊಯ್ದ್ರ ಅದು ಯಾವ ನಿಯಮದ ಬುಡಕ ಬರತೈತಿ ಅಂತ ಚರ್ಚಾ ನಡಿಸಿದ್ರು. ಕೆಲಸ ಹೋತಲ್ಲ ಅಂತ ನನಗ ಅಳು ಬಂತು. ಅಳೋ ಬದಲಿ ಗರಗಸ ತಗೊಂಡು ಹಗ್ಗ ದಾಟಿದೆ.

ಕೊಯ್ದೆ ನೋಡ್ರಿ! ಕೀಲಿ ಠಣ್ಣಂತ ಬಿತ್ತು. ಸರಪಳಿ ಬಿಚ್ಚಿ, ಜಾಕ್ ಹಿಡಕೊಂಡು, ಎಲ್ಲಿ ಹಚ್ಚಬೇಕು ಅಂತ ಬಗ್ಗಿ ನೋಡಿದೆ.

ಗಾಡಿ ಬುಡಕ ಎರಡು ಕಾಲು ಇದ್ವು.

ಕಾಲು ಹಿಡದು ಜಗ್ಗಿದೆ. ಕೌದಿ ಸಮೇತ ಕಾಕಾ ಹೊರಗ ಬಂದ್ರು, ಕಣ್ಣು ತಿಕ್ಕಿಕೋತ. ಒಂದು ಬೋಲ್ಟಿನ ಚಿಂತ್ಯಾಗ ನಿದ್ದಿ ಹತ್ತಿಲ್ಲಂತ. ನಸಿಕಿನ್ಯಾಗ ಟಾರ್ಚ್ ಹಿಡಕೊಂಡು ಬಂದು, ಕಾಂಪೌಂಡ್ ಕಡೆಯಿಂದ ಬುಡಕ ಸರದು, ಅದರ ತೂತು ಹುಡುಕಿ ಬಿಗಿದಾರ. ಕಿವಿ ಮಷೀನಿಗೆ ಎಣ್ಣಿ ಹತ್ತೀತು ಅಂತ ತಗದಿಟ್ಟಾರ. ಕೆಲಸ ಮುಗಿದ ಮ್ಯಾಲೆ ತಂಪ ಐತಿ ಅಂತ ಅಲ್ಲೇ ಕಣ್ಣು ಮುಚ್ಯಾರ. ಅವ್ರ ಅಪ್ಪಣೆ ಇಲ್ಲದ ಬಗ್ಗಿ ನೋಡಬಾರದಲ್ಲ, ಅದಕ್ಕ ಯಾರೂ ನೋಡಿರಲಿಲ್ಲ.

ಕಾಕಾ ಕಿವಿಗೆ ಮಷೀನ್ ಸಿಗಿಸಿಕೊಂಡು ಕೀಲಿ ಎತ್ತಿ ನೋಡಿದ್ರು. "ಯಾರಲೇ ಇದನ್ನ ಕೊಯ್ದವ್ರು?"

ವಾರಪೂರ್ತಿ ಒಂದು ಬೋಲ್ಟಿನ ವಿಷಯಕ್ಕೂ ಒಮ್ಮತ ಆಗದ ಗಂಡಸರು ಎಲ್ಲಾರೂ ಒಮ್ಮೆಲೆ ನನ್ನ ಕಡೆ ಬೊಟ್ಟು ಮಾಡಿದ್ರು.

ಕಾಕಾ ಬೈಯ್ತಾರ ಅಂದ್ಕೊಂಡೆ. ಬೈಯಲಿಲ್ಲ. ಬಾಗಲಕ್ಕ ಇಟ್ಟ ಬೋಗಾಣಿ ನೋಡಿ, "ಅಡಗಿ ಆರತೈತಿ, ಲಗೂನ ಇಳಸ್ರಲೇ" ಅಂದ್ರು. ಎಲ್ಲಾ ಗೇರ್ ಬೆಣ್ಣಿ ಹಂಗ ಬಿದ್ವು. ನಮ್ಮ ಪುಣ್ಯಾಕ್ಕ ರಾಫ್ಟಿಂಗಿಗೆ ಹೋದವ್ರೂ ಹೊಳ್ಯಾಗ ತಡಾ ಮಾಡಿದ್ರು. ಊಟ ಉಂಡವ್ರು ತಾಟು ನೆಕ್ಕಿದ್ರು, ಅಕ್ಕ ಮುಂದಿನ ವಾರಾನೂ ನೀನ ಬಾ ಅಂದ್ಲು, ನಾ ನಿಂತಲ್ಲೆ ಕಣ್ಣೀರು ಒರಸಿಕೊಂಡೆ. ಅಷ್ಟಕ್ಕ ಮುಗೀಬೇಕಿತ್ತು. ಆದ್ರ ನಮ್ಮವ್ರು ಅಕ್ಕನ ಮುಂದ ಗೇರ್‌ಬಾಕ್ಸಿನ ಕಥಿ ಹೇಳಿಬಿಟ್ಟಿದ್ರು, ಇಟ್ಟಂಗಿ, ಹುಣಸಿಹಣ್ಣು, ಕಾಲು ಎಲ್ಲಾ ಬಿಟ್ಟು.

ಸೋಮವಾರ ಮುಂಜಾನೆ ಬಾಗಲಾ ತಗದ್ರ ಹೋಂಸ್ಟೇದ ಜೀಪು ನಮ್ಮ ಅಂಗಳದಾಗ ನಿಂತಿತ್ತು. "ಮೂರನೇ ಗೇರ್ ಬೀಳವಲ್ದಂತ. ಸಣ್ಣ ಕೆಲಸ" ಅಂದ್ರು ನಮ್ಮವ್ರು, ಅಂಗಿ ತೋಳು ಮಡಚಿಕೋತ.

ನಾ ಸೀದಾ ಅಂಗಡಿಗೆ ಹೋಗಿ ಒಂದು ಗಟ್ಟಿ ಕೀಲಿ ತಂದೆ. ಗರಗಸಾನೂ ಒಳಗ ಹಾಕಿ ಹತ್ಯಾರದ ಪೆಟ್ಟಿಗಿಗೆ ಕೀಲಿ ಜಡದು, ಮ್ಯಾಲೆ ಕೆಂಪು ಬೋರ್ಡು ತೂಗಬಿಟ್ಟು, ಕೀಲಿಕೈ ಸೆರಗಿನ ಗಂಟಿಗೆ ಕಟ್ಟಿಕೊಂಡು ಮುಂಡಗೋಡದ ಬಸ್ ಹತ್ತಿದೆ.

ತವರಮನಿ ಕಟ್ಟಿ ಮ್ಯಾಲೆ ಚಾ ಕುಡಿಯೋದ್ರಾಗ ನಮ್ಮವ್ರ ಫೋನ್ ಬಂತು. "ಪೆಟ್ಟಿಗಿ ಕೀಲಿ ಒಡೀಲೇನ?"

ನಾ ಬಾಯಿ ತಗಿಯೋಕ್ಕಿಂತ ಮೊದಲ ಫೋನಿನ ಹಿಂದಿನಿಂದ ಕಾಕಾನ ದನಿ ಕೇಳಿಸ್ತು: "ಮುಟ್ಟೀಯಲೇ ಹುಷಾರ್! ಹಾಕಿದಾಕಿ ಬರಲಿ!"