ರಿಜಾಯ್ಸ್ ಮಾಡಲು ಅಪ್ಪಣೆ

ಕಾಲು ಮುರಿದದ್ದಕ್ಕಿಂತ ದೊಡ್ಡ ಅನಾಹುತ ಒಂದು ಇಂಗ್ಲಿಷ್ ಪದದಿಂದ ಆದೀತೆಂದು ಉಗ್ರಾಣದ ಗುಮಾಸ್ತ ಕನಸಿನಲ್ಲೂ ಎಣಿಸಿರಲಿಲ್ಲ. ಏಣಿಯಿಂದ ಬಿದ್ದು ಮಲಗಿದ್ದವನ ರಜೆಯೆಲ್ಲ ಖರ್ಚಾಗಿತ್ತು. ಇವತ್ತು ಕೆಲಸಕ್ಕೆ ಸೇರದಿದ್ದರೆ ಸಂಬಳಕ್ಕೆ ಕತ್ತರಿ. "ಸೇರಿಸ್ಕೊಂಡ್ರು ಅನ್ನೋ ಸುದ್ದಿ ತಗೊಂಡೇ ಬನ್ನಿ" ಎಂದು ಹೆಂಡತಿ ಬಾಗಿಲಲ್ಲೇ ತಾಕೀತು ಮಾಡಿದ್ದಳು.

ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕು. "ಮತ್ತೆ ಸೇರೋದಕ್ಕೆ ಏನಂತಾರಕ್ಕಾ?" ಎಂದು ಟೈಪಿಸ್ಟ್ ಅಕ್ಕನನ್ನು ಕೇಳಿದ. ಟಕಟಕ ಸದ್ದಿನ ನಡುವೆ ಆಕೆ "ರೀಜಾಯ್ನ್" ಎಂದದ್ದು ಇವನ ಕಿವಿಗೆ "ರಿಜಾಯ್ಸ್" ಆಗಿ ಬಿತ್ತು. "ಇಂದಿನಿಂದ ರಿಜಾಯ್ಸ್ ಮಾಡಲು ಅಪ್ಪಣೆ ಕೊಡಬೇಕು" ಎಂದು ದುಂಡಗೆ ಬರೆದು ಒಳಗೆ ಕಳಿಸಿದ.

ಒಳಗೆ ಸಾಹೇಬರ ಕೈಯಲ್ಲಿ ಆಗಷ್ಟೇ ಬಂದ ವರ್ಗಾವಣೆಯ ಆದೇಶವಿತ್ತು. ಪಾಪ, ಅವರ ದುಃಖ ಅವರಿಗೆ. ಅಷ್ಟರಲ್ಲಿ ತಮ್ಮ ಗುಮಾಸ್ತನೇ ಇಂದಿನಿಂದ ಸಂತೋಷಪಡಲು ಅಪ್ಪಣೆ ಕೇಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅರ್ಜಿಯ ಅಂಚಿನಲ್ಲಿ "ರಿಜಾಯ್ಸ್ ಅಟ್ ವಾಟ್?" ಎಂದು ಗೀಚಿ ಹಿಂದಕ್ಕೆ ಕಳಿಸಿದರು.

ಕೇಳದಿದ್ದರೂ ಬುದ್ಧಿ ಹೇಳುವ ಹೆಡ್ ಗುಮಾಸ್ತರು ಇಣುಕಿ ನೋಡಿದರು. "ಅಟ್ ವಾಟ್ ಅಂದ್ರೆ ಎಷ್ಟು ಗಂಟೆಗೆ ಅಂತ ಕೇಳಿದಾರೆ. ಹತ್ತು ಗಂಟೆಗೆ ಅಂತ ಬರೀರಿ. ಸಿಬ್ಬಂದಿಯವರೆಲ್ಲರ ಜೊತೆ ಅಂತಲೂ ಸೇರಿಸಿ, ಒಗ್ಗಟ್ಟು ಕಾಣುತ್ತೆ."

ಗುಮಾಸ್ತ ಎರಡನ್ನೂ ಸೇರಿಸಿ ಕಳಿಸಿದ. ಒಳಗೆ ಕರೆಗಂಟೆ ಕಿವಿ ಕಿತ್ತುಹೋಗುವಂತೆ ಮೊಳಗಿತು.

"ಅದೇನ್ರೀ ಬರೆದ್ರಿ?" ಎಂದು ಟೈಪಿಸ್ಟ್ ಅಕ್ಕ ಕೇಳಿದಳು. ಅವನು ಹೇಳಿದ. ಆಕೆ ಹಣೆ ಚಚ್ಚಿಕೊಂಡಳು.

"ಸಾಹೇಬರಿಗೆ ವರ್ಗ ಆಗಿದೆ ಕಣ್ರೀ. ಅರ್ಥ ಆಮೇಲೆ ಹೇಳ್ತೀನಿ. ಮೊದಲು ಹೋಗಿ ಕಾಲು ಹಿಡೀರಿ. ಜನ್ಮದಲ್ಲಿ ಇನ್ನು ರಿಜಾಯ್ಸ್ ಮಾಡಲ್ಲ ಅನ್ನಿ."

ಗುಮಾಸ್ತ ಕುಂಟುತ್ತ ಒಳಗೆ ಹೋದ. ಸಾಹೇಬರು ಫೋನ್ ಕೆಳಗಿಡುತ್ತಿದ್ದರು. ಆಶ್ಚರ್ಯ, ಮುಖ ಊರಗಲ ಅರಳಿತ್ತು.

"ವರ್ಗಾವಣೆ ರದ್ದಾಯ್ತು ಕಣ್ರೀ. ನಿಮಗೆ ಮೊದಲೇ ಸುಳಿವು ಸಿಕ್ಕಿತ್ತು ಅಂತ ಕಾಣುತ್ತೆ. ಹತ್ತು ಗಂಟೆಗೆ, ಎಲ್ಲರ ಜೊತೆ... ನಾನೇ ಸುಮ್ಮನೆ ತಪ್ಪು ತಿಳ್ಕೊಂಡೆ. ಬನ್ನಿ, ರಿಜಾಯ್ಸ್ ಮಾಡೋಣ."

ಗುಮಾಸ್ತ ದಡಕ್ಕನೆ ಅವರ ಕಾಲಿಗೆ ಬಿದ್ದ. "ಇಲ್ಲ ಸಾರ್. ಜನ್ಮದಲ್ಲಿ ಇನ್ನು ರಿಜಾಯ್ಸ್ ಮಾಡಲ್ಲ."

"ನಾನು ಇಲ್ಲೇ ಉಳಿದ್ರೂ?"

"ನೀವು ಉಳಿದ್ರಂತೂ ಖಂಡಿತ ಮಾಡಲ್ಲ ಸಾರ್. ನನ್ನ ಮಕ್ಕಳಾಣೆ."

ಸಾಹೇಬರು ಪೆನ್ನು ತೆಗೆದು, ಕಾಲಿನ ಜೊತೆ ತಲೆಗೂ ಪೆಟ್ಟಾದಂತಿದೆ, ಇನ್ನೂ ಒಂದು ತಿಂಗಳು ಸಂಬಳವಿಲ್ಲದ ರಜೆ ಎಂದು ಬರೆದುಕೊಟ್ಟರು.

ಹೊರಗೆ ಟೈಪಿಸ್ಟ್ ಅಕ್ಕ ಕೊನೆಗೂ ಅರ್ಥ ಬಿಡಿಸಿ ಹೇಳಿದಳು. "ಸಂತೋಷಪಡೋದು ಅಂತ ಕಣ್ರೀ, ಅಷ್ಟೇ."

ಗುಮಾಸ್ತ ರಜೆಯ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ.

"ಅದರ ವಿರುದ್ಧ ಪದ ಏನಕ್ಕಾ? ಮನೇಲಿ ಅದನ್ನ ಹೇಳಬೇಕು."